ಯಾರ ಎಡ? ಯಾರ ಬಲ?

ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ "ರೈಟ್... ರೈಟ್" ಅಂದರೆ ಬಲಕ್ಕೆ ತಿರುಗು ಅಂತ ಅರ್ಥ ಅಲ್ಲ, ಹೊರಡು ಅಂತ. ಎಡಕ್ಕೆ ತಿರುಗಬೇಕಾದ ಬಸ್ಸಿಗೂ ಅದೇ ರೈಟು. ಮೇಷ್ಟ್ರು ಲೆಕ್ಕದ ಪಕ್ಕ ಹಾಕುವ ಗುರುತೂ ರೈಟು. ಜಗಳಕ್ಕೆ ನಿಂತವನು "ಕೇಳೋಕೆ ನಂಗೆ ರೈಟ್ಸ್ ಇದೆ" ಅಂದರೆ ಅದು ಹಕ್ಕು. ಟಿವಿ ಚರ್ಚೆಯಲ್ಲಿ ಒಬ್ಬರು ಇನ್ನೊಬ್ಬರನ್ನು "ನೀವು ರೈಟು" ಅಂತ ಬೈದರೆ ಅದು ಹೊಗಳಿಕೆಯಂತೂ ಅಲ್ಲ! ಇನ್ನು ಲೆಫ್ಟ್ ಕಥೆ ಕೇಳಿ. ವಾಟ್ಸಾಪ್ ಗುಂಪಿನಿಂದ ಒಬ್ಬ 'ಲೆಫ್ಟ್' ಆದರೆ ಅವನು ಕಮ್ಯುನಿಸ್ಟ್ ಆದ ಅಂತಲ್ಲ, ಬಿಟ್ಟು ಹೋದ ಅಂತ.

ಇದನ್ನೆಲ್ಲ ಬರೆಯಲು ಒಂದು ಕಾರಣ ಇದೆ. 2025ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಒಳಮೀಸಲಾತಿ ಸುದ್ದಿ ಜೋರಾಗಿತ್ತಲ್ಲ, ಆಗ ಇಂಗ್ಲಿಷ್ ಪತ್ರಿಕೆಗಳಲ್ಲಿ 'ದಲಿತ್ ಲೆಫ್ಟ್', 'ದಲಿತ್ ರೈಟ್' ಅಂತ ಬರುತ್ತಿತ್ತು. ನಮ್ಮ ಟೀಮಿನಲ್ಲಿರುವ ಉತ್ತರ ಭಾರತದ ಗೆಳೆಯನೊಬ್ಬ ಅದನ್ನು ಓದಿ, "ನಿಮ್ಮ ರಾಜ್ಯದ ದಲಿತರಲ್ಲಿ ಅರ್ಧ ಜನ ಕಮ್ಯುನಿಸ್ಟರಾ?" ಅಂತ ಕೇಳಿದ. ಅವನ ತಪ್ಪೇನೂ ಇಲ್ಲ. ಅವನಿಗೆ ಗೊತ್ತಿದ್ದ ಲೆಫ್ಟ್ ಪ್ಯಾರಿಸ್ಸಿನ ಕಡೆಯದು, ಪತ್ರಿಕೆಯಲ್ಲಿದ್ದ ಲೆಫ್ಟ್ ನಮ್ಮ 'ಎಡಗೈ'. ಎರಡಕ್ಕೂ ಸಂಬಂಧ ಇಲ್ಲ ಅಂತ ವಿವರಿಸಲು ಹೊರಟೆ. ಕಾಫಿ ಲೋಟ ಖಾಲಿಯಾದರೂ ವಿಷಯ ಮುಗಿಯಲಿಲ್ಲ. ಆಮೇಲೆ ಕೂತು ಓದುತ್ತಾ ಹೋದಾಗ, ಅಷ್ಟು ಸುಲಭವಾಗಿ ಸಂಬಂಧವೇ ಇಲ್ಲ ಅನ್ನುವ ಹಾಗೂ ಇಲ್ಲ ಅನ್ನಿಸಿತು. ಹಾಗಾಗಿ ಈ ಬರಹ.

ಮೊದಲು ಪದಗಳ ಹುಟ್ಟು ನೋಡೋಣ.

ಇಂಗ್ಲಿಷಿನ ರೈಟ್ ಹಳೆಯ ಇಂಗ್ಲಿಷಿನಲ್ಲಿ 'ರಿಹ್ಟ್'. ಅದರ ಮೂಲ ಅರ್ಥ ಬಲಗಡೆ ಅಲ್ಲ, ನೆಟ್ಟಗಿರುವುದು, ನೇರವಾದದ್ದು. ಸಂಸ್ಕೃತದ 'ಋಜು' ಇದರ ದೂರದ ನೆಂಟ. ನೇರವಾದದ್ದು ಸರಿಯಾದದ್ದಾಯಿತು, ಸರಿಯಾದದ್ದು ನ್ಯಾಯವಾಯಿತು, ನ್ಯಾಯವಾಗಿ ಸಲ್ಲಬೇಕಾದದ್ದು ಹಕ್ಕಾಯಿತು. ಹಾಗಾದರೆ ಬಲಗೈಗೆ ಆ ಕಾಲದ ಇಂಗ್ಲಿಷರು ಏನನ್ನುತ್ತಿದ್ದರು? 'ಸ್ವೀಥ್ರ' ಅನ್ನುತ್ತಿದ್ದರು, ಅಂದರೆ 'ಹೆಚ್ಚು ಶಕ್ತಿಯುಳ್ಳದ್ದು'. ನಮ್ಮ 'ಬಲಗೈ' ಥರವೇ! ನಮ್ಮಲ್ಲೂ ಬಲ ಅಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ತಮಿಳಿನಲ್ಲಿ ಬಲಗಡೆಗೆ 'ವಲಂ', ಗಟ್ಟಿತನಕ್ಕೆ 'ವಲ್'. ಎಲ್ಲೋ ಇರುವ ಎರಡು ಭಾಷಾ ಕುಟುಂಬಗಳು ಒಂದೇ ಥರ ಯೋಚಿಸಿವೆ. ಯಾವ ಕೈಯಲ್ಲಿ ಕೆಲಸ ಮಾಡುತ್ತೇವೋ ಅದು ಗಟ್ಟಿ ಕೈ, ಅಷ್ಟೇ. ಕ್ರಮೇಣ ಇಂಗ್ಲಿಷರು ಸ್ವೀಥ್ರವನ್ನು ಬಿಟ್ಟು 'ಸರಿಯಾದ ಕೈ' ಅನ್ನತೊಡಗಿದರು. ಶಕ್ತಿಯ ಕೈ ಸರಿಯಾದ ಕೈ ಆಯಿತು. ಯೋಚಿಸಿ ನೋಡಿದರೆ ಇದು ಸಣ್ಣ ಬದಲಾವಣೆಯಲ್ಲ.

ಲೆಫ್ಟ್ ಅನ್ನುವುದು 'ಲಿಫ್ಟ್' ಅನ್ನುವ ಹಳೆಯ ಪದದಿಂದ ಬಂದದ್ದು. ಅರ್ಥ: ದುರ್ಬಲ, ಕೆಲಸಕ್ಕೆ ಬಾರದ್ದು. (ಬಿಟ್ಟು ಹೋದ ಅನ್ನುವ ಲೆಫ್ಟ್ ಬೇರೆಯೇ ಮೂಲದ್ದು, ಕಾಗುಣಿತ ಒಂದೇ ಆಗಿರುವುದು ಆಕಸ್ಮಿಕ.) ಅದಕ್ಕೂ ಮೊದಲು ಎಡಕ್ಕಿದ್ದ ಪದ 'ವಿನ್‌ಸ್ಟ್ರ', ಅಂದರೆ 'ಹೆಚ್ಚು ಸ್ನೇಹಮಯವಾದದ್ದು'. ಸ್ವೀಡನ್ನಿನವರು ಈಗಲೂ ಎಡಕ್ಕೆ 'ವೆನ್‌ಸ್ಟರ್' ಅನ್ನುತ್ತಾರೆ, ಅದೇ ಬೇರು. ಎಡವನ್ನು ಅಪಶಕುನ ಅಂದುಕೊಂಡಿದ್ದ ಜನ ಅದಕ್ಕೆ ಯಾಕೆ ಇಷ್ಟು ಒಳ್ಳೆಯ ಹೆಸರು ಕೊಟ್ಟರು? ಹೆದರಿಕೆ! ನಮ್ಮಲ್ಲಿ ಸಿಡುಬಿಗೆ 'ಅಮ್ಮ' ಅನ್ನುತ್ತೇವಲ್ಲ, ದೀಪ ಆರಿಸು ಅನ್ನದೆ 'ದೀಪ ದೊಡ್ಡದು ಮಾಡು' ಅನ್ನುತ್ತೇವಲ್ಲ, ಹಾಗೆ. ಗ್ರೀಕರೂ ಇದನ್ನೇ ಮಾಡಿದ್ದಾರೆ. ಎಡಕ್ಕೆ ಅವರ ಪದ 'ಅರಿಸ್ಟೆರೋಸ್', ಅಂದರೆ ಉತ್ತಮವಾದದ್ದು. ಶ್ರೀಮಂತರ ಆಳ್ವಿಕೆಗೆ ಹೇಳುವ ಅರಿಸ್ಟೋಕ್ರಸಿಯ ತಲೆಯಲ್ಲಿ ಕೂತಿರುವುದೂ ಇದೇ ಬೇರು. ಶ್ರೀಮಂತರು ಬಲಪಂಥೀಯರು ಅನ್ನುವವರಿಗೆ ಭಾಷೆ ಮಾಡಿದ ತಮಾಷೆ ಇದು :)

ಸಂಸ್ಕೃತದ 'ವಾಮ'ವೂ ಹೀಗೇ ಎರಡು ಮುಖದ್ದು. ವಾಮ ಅಂದರೆ ಎಡ, ವಕ್ರ, ಪ್ರತಿಕೂಲ. ವಾಮಮಾರ್ಗ ಅಂದರೆ ನಮ್ಮ ಪತ್ರಿಕೆಗಳಲ್ಲಿ ಕಳ್ಳದಾರಿ. ಆದರೆ ವಾಮ ಅಂದರೆ ಚೆಲುವಾದದ್ದು ಅಂತಲೂ ಇದೆ. ವಾಮಲೋಚನೆ ಅಂದರೆ ಎಡಗಣ್ಣಿನವಳಲ್ಲ, ಸುಂದರವಾದ ಕಣ್ಣಿನವಳು.

ಈಗ ನನಗೆ ತುಂಬ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಲ್ಯಾಟಿನ್ನಿನಲ್ಲಿ ಎಡಕ್ಕೆ 'ಸಿನಿಸ್ಟರ್'. ಇಂಗ್ಲಿಷಿನಲ್ಲಿ ಆ ಪದಕ್ಕೆ ಈಗ ಕೇಡಿನ, ಭೀಕರ ಅನ್ನುವ ಅರ್ಥ. ಆದರೆ ಹಳೆಯ ರೋಮಿನ ಶಕುನದವರಿಗೆ ಎಡ ಒಳ್ಳೆಯ ಶಕುನವಾಗಿತ್ತು! ಅವರು ಆಕಾಶ ನೋಡಲು ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಿದ್ದರು. ಹಾಗೆ ಕೂತಾಗ ಸೂರ್ಯ ಹುಟ್ಟುವ ಪೂರ್ವ ಎಡಗಡೆಗೆ ಬರುತ್ತದೆ. ಗ್ರೀಕರು ಉತ್ತರಕ್ಕೆ ಮುಖ ಮಾಡುತ್ತಿದ್ದರು, ಅವರಿಗೆ ಪೂರ್ವ ಬಲಗಡೆ. ಹಾಗಾಗಿ ಅವರಿಗೆ ಬಲ ಶುಭ, ಎಡ ಅಶುಭ. ಗ್ರೀಕರ ಪ್ರಭಾವ ಹೆಚ್ಚಾದ ಮೇಲೆ ರೋಮಿನಲ್ಲೂ ಎಡ ಕೆಟ್ಟದ್ದಾಯಿತು. ಸೂರ್ಯ ಎಂದಿನಂತೆ ಪೂರ್ವದಲ್ಲೇ ಹುಟ್ಟುತ್ತಿದ್ದ. ವ್ಯತ್ಯಾಸ ಇದ್ದದ್ದು ಕೂತವನ ಮುಖ ಯಾವ ಕಡೆಗೆ ಅನ್ನುವುದರಲ್ಲಿ ಮಾತ್ರ.

ನಮ್ಮವರು ಮುಖ ಮಾಡಿದ್ದು ಪೂರ್ವಕ್ಕೆ. ಪೂರ್ವ ಅಂದರೆ ಮುಂದಿನದು, ಪಶ್ಚಿಮ ಅಂದರೆ ಹಿಂದಿನದು. ಹಾಗೆ ನಿಂತಾಗ ಬಲಗೈ ಕಡೆ ಬರುವುದು ದಕ್ಷಿಣ. ಅದಕ್ಕೇ ಸಂಸ್ಕೃತದಲ್ಲಿ ದಕ್ಷಿಣ ಅಂದರೆ ಬಲಗಡೆಯೂ ಹೌದು, ತೆಂಕಣ ದಿಕ್ಕೂ ಹೌದು. ಪ್ರದಕ್ಷಿಣೆ ಅಂದರೆ ದೇವರನ್ನು ಬಲಗಡೆ ಇಟ್ಟುಕೊಂಡು ಸುತ್ತುವುದು. 'ದಕ್ಷ' ಅಂದರೆ ಕೆಲಸದಲ್ಲಿ ಪಳಗಿದವನು. ಈ ದಕ್ಷಿಣವೇ ಜನರ ಬಾಯಲ್ಲಿ ದಖ್ಖನ್ ಆಗಿ, ಇಂಗ್ಲಿಷರ ಬಾಯಲ್ಲಿ ಡೆಕ್ಕನ್ ಆಯಿತು. ಅಂದರೆ ನಾವು ನೀವು ಬದುಕುತ್ತಿರುವ ಪ್ರಸ್ಥಭೂಮಿಯ ಹೆಸರು 'ಬಲಗಡೆ'. ಯಾರ ಬಲಗಡೆ? ಉತ್ತರದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತ ಯಾರೋ ಒಬ್ಬನ ಬಲಗಡೆ! ಲ್ಯಾಟಿನ್ನಿನ 'ಡೆಕ್ಸ್‌ಟರ್' ಕೂಡ ಇದೇ ಮನೆತನದ್ದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬಾಟಲಿಯ ಮೇಲೆ ಡೆಕ್ಸ್‌ಟ್ರೋಸ್ ಅಂತ ಬರೆದಿರುತ್ತದಲ್ಲ, ಆ ಸಕ್ಕರೆ ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸುತ್ತದೆ, ಅದಕ್ಕೇ ಆ ಹೆಸರು. ಡೆಕ್ಕನ್ನೂ ಡೆಕ್ಸ್‌ಟ್ರೋಸೂ ಸೋದರರು ಅಂದರೆ ನಂಬುತ್ತೀರಾ?

ನಮ್ಮ ಗೆಳೆಯರ ಹಿಂದಿಯಲ್ಲಿ ಬಲಪಂಥೀಯನಿಗೆ 'ದಕ್ಷಿಣಪಂಥಿ' ಅನ್ನುತ್ತಾರೆ. ಮೊದಲ ಸಲ ಕೇಳಿದವರಿಗೆ ದಕ್ಷಿಣ ಭಾರತದವರ ಪಾರ್ಟಿ ಅನ್ನಿಸಿದರೆ ಆಶ್ಚರ್ಯವಿಲ್ಲ. ಇರಲಿ, ಪಂಥದ ಕಥೆಗೆ ಬರೋಣ.

ರಾಜಕೀಯದ ಎಡ-ಬಲ ಹುಟ್ಟಿದ್ದು 1789ರಲ್ಲಿ, ಫ್ರಾನ್ಸಿನಲ್ಲಿ. ಇದು ಬಹಳ ಜನರಿಗೆ ಗೊತ್ತು. ಆದರೆ ಅದರೊಳಗೆ ಒಂದು ಸ್ವಾರಸ್ಯ ಇದೆ. ಮೇ 5ರಂದು ವರ್ಸೇಲ್ಸ್‌ನಲ್ಲಿ ಎಸ್ಟೇಟ್ಸ್ ಜನರಲ್ ಸಭೆ ಶುರುವಾದಾಗ ರಾಜ 16ನೇ ಲೂಯಿಯ ಬಲಗಡೆ ಪಾದ್ರಿಗಳು, ಎಡಗಡೆ ಶ್ರೀಮಂತ ಸರದಾರರು, ದೂರದಲ್ಲಿ ಎದುರಿಗೆ ಸಾಮಾನ್ಯರ ಪ್ರತಿನಿಧಿಗಳು. ಅಂದರೆ ಆವತ್ತು ಸರದಾರರೇ 'ಎಡ'! ನಾಲ್ಕೇ ತಿಂಗಳಲ್ಲಿ ಎಲ್ಲ ತಿರುಗಿಹೋಯಿತು. ಸಭೆ ರಾಷ್ಟ್ರೀಯ ಸಭೆಯಾಯಿತು, ಮೂರು ವರ್ಗಗಳೂ ಒಟ್ಟಿಗೆ ಕೂರತೊಡಗಿದವು, ರಾಜನ ಸಿಂಹಾಸನದ ಬದಲು ಅಧ್ಯಕ್ಷನ ಕುರ್ಚಿ ಬಂತು. ಆಗಸ್ಟ್ 26ಕ್ಕೆ ಮಾನವ ಹಕ್ಕುಗಳ ಘೋಷಣೆ. ಅದರ ಬೆನ್ನಿಗೇ ದೊಡ್ಡ ಚರ್ಚೆ: ಸಭೆ ಮಾಡಿದ ಕಾನೂನನ್ನು ತಡೆಯುವ ಅಧಿಕಾರ, ಅಂದರೆ ವೀಟೋ, ರಾಜನಿಗೆ ಇರಬೇಕೋ ಬೇಡವೋ?

ರಾಜನ ಪರ ಇದ್ದವರು ಅಧ್ಯಕ್ಷನ ಬಲಗಡೆ ಒಟ್ಟಾದರು, ವಿರೋಧ ಇದ್ದವರು ಎಡಗಡೆ. ಯಾವ ಸಿದ್ಧಾಂತಿಯೂ ಕೂತು ಯೋಜನೆ ಹಾಕಿದ್ದಲ್ಲ. ಸಭೆಯ ಸದಸ್ಯನಾಗಿದ್ದ ಬ್ಯಾರನ್ ದ ಗೋವಿಲ್ ಎಂಬ ಸರದಾರ ಇದನ್ನು ಬರೆದಿಟ್ಟಿದ್ದಾನೆ. ಇನ್ನೊಂದು ಪಕ್ಕದವರ ಕೂಗಾಟ, ಅಸಭ್ಯ ಮಾತುಗಳಿಂದ ತಪ್ಪಿಸಿಕೊಳ್ಳಲು ಧರ್ಮಕ್ಕೂ ರಾಜನಿಗೂ ನಿಷ್ಠರಾದವರು ಬಲಗಡೆಗೆ ಹೋಗಿ ಕೂತರಂತೆ. ನಮ್ಮ ಆಫೀಸಿನ ಮೀಟಿಂಗಿನಲ್ಲಿ ಜೋರು ಮಾತಿನವರಿಂದ ದೂರ ಹೋಗಿ ಕೂರುತ್ತೇವಲ್ಲ, ಅಷ್ಟೇ. ಅದರಿಂದ ಜಗತ್ತಿಗೇ ಎರಡು ಪದ ಸಿಕ್ಕಿತು. ಇನ್ನೊಂದು ತಮಾಷೆ: ಫ್ರೆಂಚಿನಲ್ಲೂ ಬಲಕ್ಕಿರುವ 'ದ್ರುವಾ' ಅನ್ನುವ ಪದಕ್ಕೆ ಹಕ್ಕು ಅನ್ನುವ ಅರ್ಥ ಇದೆ. ಆದರೆ ಮನುಷ್ಯರ ಹಕ್ಕಿಗಾಗಿ ಹೆಚ್ಚು ಗಂಟಲು ಹರಿದುಕೊಂಡವರು ಎಡಗಡೆ ಕೂತವರು.

ಕುರ್ಚಿ ಅಲ್ಲೇ ಇದ್ದರೂ ಅರ್ಥ ಅಲ್ಲೇ ನಿಲ್ಲಲಿಲ್ಲ. 1791ರ ಅಕ್ಟೋಬರಿನಲ್ಲಿ ಹೊಸ ಶಾಸನ ಸಭೆ ಬಂತು. ಆಗ ಬಲಗಡೆ ಕೂತಿದ್ದು ಫೊಯ್ಯಾಂಟರು, ಅಂದರೆ ಸಂವಿಧಾನಕ್ಕೆ ಬದ್ಧನಾದ ರಾಜ ಇರಲಿ ಅನ್ನುವವರು. ಎರಡು ವರ್ಷದ ಹಿಂದೆ ಕ್ರಾಂತಿಕಾರಿ ಅನ್ನಿಸಿಕೊಂಡಿದ್ದ ನಿಲುವು ಈಗ ಬಲಪಂಥ. ಅವರು ಹೇಳುತ್ತಿದ್ದದ್ದು ಅದೇ, ಸಭೆ ಅವರನ್ನು ದಾಟಿ ಮುಂದೆ ಹೋಗಿತ್ತು. ಕಾರ್ಲೈಲ್ 1837ರಲ್ಲಿ ಫ್ರೆಂಚ್ ಕ್ರಾಂತಿಯ ಇತಿಹಾಸ ಬರೆದಾಗ ಈ ಎಡ-ಬಲಗಳನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ. ಆದರೆ ಇಂಗ್ಲೆಂಡಿನ ರಾಜಕೀಯದ ಮಾತಿನಲ್ಲಿ ಅವು ಬೇರೂರಿದ್ದು 20ನೇ ಶತಮಾನದಲ್ಲಿ. ಅಲ್ಲಿಂದ ನಮಗೆ ಬಂತು.

ಆದರೆ ನಮ್ಮ ಲೋಕಸಭೆಯ ಆಸನ ವ್ಯವಸ್ಥೆ ಬಂದದ್ದು ಪ್ಯಾರಿಸ್ಸಿನಿಂದಲ್ಲ, ಲಂಡನ್ನಿನಿಂದ. ಅಲ್ಲಿಯ ಪದ್ಧತಿ ಪ್ರಕಾರ ಯಾರು ಆಳುತ್ತಾರೋ ಅವರು ಸ್ಪೀಕರ್ ಬಲಗಡೆ, ವಿರೋಧ ಪಕ್ಷ ಎಡಗಡೆ. ಸಿದ್ಧಾಂತ ಏನೇ ಇರಲಿ. ಇದರಿಂದ 2004ರಲ್ಲಿ ಏನಾಯಿತು ನೋಡಿ. ಸ್ಪೀಕರ್ ಕುರ್ಚಿಯಲ್ಲಿ ಕಮ್ಯುನಿಸ್ಟ್ ಪಕ್ಷದ ಸೋಮನಾಥ ಚಟರ್ಜಿ. ಅವರ ಎಡಗಡೆಯ ಮೊದಲ ಸಾಲುಗಳಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಬಿಜೆಪಿ! ಬಲಪಂಥ ಎಡಗಡೆ ಕೂತು ಐದು ವರ್ಷ ಕೂಗಿತು. ಫ್ರೆಂಚ್ ಅರ್ಥವೂ ಇಂಗ್ಲಿಷ್ ಕುರ್ಚಿಯೂ ನಮ್ಮ ದೇಶದಲ್ಲಿ ಹೀಗೆ ಒಂದೇ ಹಾಲಿನಲ್ಲಿ ಭೇಟಿಯಾದವು.

ಇನ್ನು ಗೆಳೆಯನ ಪ್ರಶ್ನೆಗೆ ಬರುತ್ತೇನೆ. ನಮ್ಮ ಎಡಗೈ-ಬಲಗೈ ಈ ಫ್ರೆಂಚರಿಗಿಂತ ತುಂಬಾ ಹಳೆಯದು. ತಮಿಳು ಶಾಸನಗಳಲ್ಲಿ 'ವಲಂಗೈ', 'ಇಡಂಗೈ' ಅನ್ನುವ ಮಾತುಗಳು ಚೋಳರ ಕಾಲದಿಂದ, 11ನೇ ಶತಮಾನದ ಹೊತ್ತಿಗೆ ಸಿಗುತ್ತವೆ. ಆಮೇಲೆ ಇಡೀ ಊರಿನ ಜಾತಿಗಳೇ ಎರಡು ಗುಂಪಾಗಿ ಹಂಚಿಹೋದವು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿ ಇದನ್ನು ವಿವರವಾಗಿ ಬರೆದುಕೊಂಡ, ಪುಸ್ತಕ 1807ರಲ್ಲಿ ಬಂತು. ಅವನ ಲೆಕ್ಕದಲ್ಲಿ ಬಲಗೈಗೆ 18 ಜಾತಿ, ಎಡಗೈಗೆ 9. ಬಣಜಿಗರು, ಒಕ್ಕಲಿಗರು ಬಲಗೈ. ಚಿನ್ನ, ಕಬ್ಬಿಣ, ಮರದ ಕೆಲಸದ ಪಾಂಚಾಳರು, ನೇಕಾರ ದೇವಾಂಗರು ಎಡಗೈ. ಬಲಗೈಯ ಕೊನೆಯಲ್ಲಿ ಹೊಲೆಯರು, ಎಡಗೈಯ ಕೊನೆಯಲ್ಲಿ ಮಾದಿಗರು. ಸ್ಥೂಲವಾಗಿ ನೋಡಿದರೆ ಭೂಮಿಯ ಸುತ್ತ ಇದ್ದವರು ಒಂದು ಕಡೆ, ಕಸುಬಿನವರು ಇನ್ನೊಂದು ಕಡೆ.

ಜಗಳ ಯಾವುದಕ್ಕೆ ಗೊತ್ತೇ? ಮದುವೆ ಚಪ್ಪರಕ್ಕೆ ಎಷ್ಟು ಕಂಬ ಅನ್ನುವುದಕ್ಕೆ. 12 ಕಂಬ ಬಲಗೈಯವರ ಹಕ್ಕು, ಎಡಗೈಯವರು 11ಕ್ಕೆ ನಿಲ್ಲಿಸಬೇಕು. ಮೆರವಣಿಗೆಯಲ್ಲಿ ಕುದುರೆ ಏರುವುದು, ಹನುಮಂತನ ಚಿತ್ರದ ಬಾವುಟ ಹಿಡಿಯುವುದು ತಮಗೇ ಸೇರಿದ್ದು ಅಂತ ಬಲಗೈಯವರು ಹೇಳುತ್ತಿದ್ದರು. ಒಂದು ಕಂಬಕ್ಕೆ ಇಷ್ಟೆಲ್ಲಾನಾ ಅನ್ನಿಸಬಹುದು. ಆದರೆ ಆ ಒಂದು ಕಂಬ ಇಡೀ ಊರಿನೆದುರು "ನೀನು ಒಂದು ಮೆಟ್ಟಿಲು ಕೆಳಗೆ" ಅಂತ ಸಾರುವ ಬೋರ್ಡು. ಮದ್ರಾಸಿನಲ್ಲಿ 1650ರ ದಶಕದಲ್ಲೂ, 1707ರಲ್ಲಿ ಥಾಮಸ್ ಪಿಟ್ ಗವರ್ನರ್ ಆಗಿದ್ದಾಗಲೂ ದೊಡ್ಡ ಗಲಾಟೆಗಳಾಗಿ, ಈಸ್ಟ್ ಇಂಡಿಯಾ ಕಂಪನಿಯವರು ಬೀದಿಗಳನ್ನೇ ಎರಡೂ ಕಡೆಯವರಿಗೆ ಹಂಚಿಕೊಡಬೇಕಾಯಿತು.

ಯಾಕೆ ಕೈಯ ಹೆಸರು ಅಂತ ಕೇಳಿದರೆ ಬುಕಾನನ್‌ಗೆ ಜನ ಹೇಳಿದ್ದು: ಕಂಚಿಯಲ್ಲಿ ಕಾಳಿಯೇ ಹೀಗೆ ವಿಂಗಡಿಸಿ ನಿಯಮ ಕೊಟ್ಟಳು ಅಂತ. ಗಮನಿಸಿ, ಕಂಚಿಯ ಕಥೆಯಲ್ಲಿ ನಡುವೆ ಒಬ್ಬ ದೇವಿ. ವರ್ಸೇಲ್ಸ್‌ನಲ್ಲಿ ನಡುವೆ ಒಬ್ಬ ರಾಜ, ಆಮೇಲೆ ಅಧ್ಯಕ್ಷ. ಎರಡೂ ಕಡೆ ಎಡ-ಬಲ ನಿರ್ಧಾರವಾಗುವುದು ನಡುವೆ ಪೀಠದಲ್ಲಿ ಕೂತವರಿಂದ. ಕೆಳಗೆ ನಿಂತವನು ತನ್ನ ಎಡ ಯಾವುದು ಅಂತ ತಾನು ಹೇಳುವ ಹಾಗಿಲ್ಲ. ನನ್ನ ಗೆಳೆಯನ ಎರಡು ಲೆಫ್ಟುಗಳಿಗೆ ಸಂಬಂಧ ಇದ್ದರೆ ಇದೊಂದೇ.

19ನೇ ಶತಮಾನ ಮುಗಿಯುವ ಹೊತ್ತಿಗೆ ಮೇಲಿನ ಜಾತಿಗಳು ಈ ಎಡಗೈ-ಬಲಗೈಯನ್ನು ಹೆಚ್ಚುಕಡಿಮೆ ಮರೆತವು. ಅದನ್ನು ಶುರುಮಾಡಿ ಕುದುರೆ, ಬಾವುಟ ಅಂತ ಹೊಡೆದಾಡಿದವರು ಕೈ ತೊಳೆದುಕೊಂಡು ಹೋದರು. ಹೆಸರು ಉಳಿದದ್ದು ಎರಡೂ ಸಾಲಿನ ಕೊನೆಯಲ್ಲಿ ನಿಲ್ಲಿಸಲಾಗಿದ್ದವರ ಮೇಲೆ. ಅವರಲ್ಲಿ ಬಲಗೈ ಅನ್ನಿಸಿಕೊಂಡವರಿಗೂ ಬಲವೇನೂ ಸಿಕ್ಕಿರಲಿಲ್ಲ, ಅವರ ಕೇರಿಯೂ ಊರಾಚೆಯೇ ಇತ್ತು. ಆದರೆ ಮೀಸಲಾತಿಯ ಕಾಲಕ್ಕೆ ಈ ಹಳೆಯ ಹೆಸರುಗಳೇ ಲೆಕ್ಕ ಕೇಳುವ ಹೆಸರುಗಳಾದವು. ನಮಗೆ ಬರಬೇಕಾದ ಪಾಲು ಬಂದಿಲ್ಲ ಅಂತ ಎಡಗೈ ಸಮುದಾಯದವರು ದಶಕಗಳ ಕಾಲ ಹೋರಾಡಿದರು. 2005ರಲ್ಲಿ ಸದಾಶಿವ ಆಯೋಗ ಆಯಿತು, 2012ರಲ್ಲಿ ವರದಿ ಬಂತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಅಂದಿತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ 17 ಶೇಕಡಾವನ್ನು ಬಲಗೈ ಗುಂಪಿಗೆ 6, ಎಡಗೈ ಗುಂಪಿಗೆ 6, ಉಳಿದವರಿಗೆ 5 ಎಂದು ಹಂಚಲು ತೀರ್ಮಾನಿಸಿತು. ಎಡ ಮತ್ತು ಬಲಕ್ಕೆ ಒಂದೇ ಅಂಕಿ. ಚಪ್ಪರದ 12 ಮತ್ತು 11 ಕಂಬ ಓದಿದ ಮೇಲೆ ಈ 6 ಮತ್ತು 6 ನನಗೆ ಬರೀ ಅಂಕಿಯಾಗಿ ಕಾಣಲಿಲ್ಲ.

ಎಡ-ಬಲದ ಗೊಂದಲಕ್ಕೆ ಪರಿಹಾರವೇ ಇಲ್ಲವೇ ಅಂದರೆ, ಪ್ರಾಣಕ್ಕೆ ಬಂದಾಗ ಜನ ಕಂಡುಕೊಂಡಿದ್ದಾರೆ. ನದಿಗೆ ನೋಡಿ: ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆಯದು ಬಲದಂಡೆ. ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರಿಗೆ ನೀರು ಕೊಡುತ್ತದೆ. ನೋಡುವವನು ಯಾವ ಊರಲ್ಲಿ ನಿಂತರೂ ಅದು ಎಡದಂಡೆಯೇ. ಬಲಮುರಿ ಗಣಪತಿಯ ಸೊಂಡಿಲು ತಿರುಗುವುದು ಗಣಪತಿಯ ಬಲಕ್ಕೆ, ಕೈಮುಗಿದು ನಿಂತ ನಮ್ಮ ಬಲಕ್ಕಲ್ಲ. ಹಡಗಿನವರು ಎಡ-ಬಲ ಪದಗಳನ್ನೇ ಬಿಟ್ಟು ಹಡಗಿಗೇ ಅಂಟಿದ ಬೇರೆ ಹೆಸರು ಮಾಡಿಕೊಂಡರು: ಬಲಕ್ಕೆ ಸ್ಟಾರ್‌ಬೋರ್ಡ್, ಎಡಕ್ಕೆ ಲಾರ್‌ಬೋರ್ಡ್. ಬಿರುಗಾಳಿಯಲ್ಲಿ ಎರಡೂ ಒಂದೇ ಥರ ಕೇಳುತ್ತಿತ್ತು ನೋಡಿ, 1844ರಲ್ಲಿ ಬ್ರಿಟಿಷ್ ನೌಕಾಪಡೆ ಎರಡನೆಯದನ್ನು ಪೋರ್ಟ್ ಅಂತ ಬದಲಾಯಿಸಿತು. ಆಸ್ಪತ್ರೆಯಲ್ಲಿ ಎಡ-ಬಲ ಯಾವಾಗಲೂ ರೋಗಿಯದ್ದು, ಎದುರು ನಿಂತ ವೈದ್ಯರದ್ದಲ್ಲ. ಅಷ್ಟಿದ್ದೂ ತಪ್ಪಾಗುತ್ತದೆ ಅಂತಲೇ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ, ಆಪರೇಷನ್ ಜಾಗಕ್ಕೆ ಗುರುತು ಹಾಕಿದ್ದೀರಾ ಎಂಬ ಪ್ರಶ್ನೆ ಇದೆ. ಆಸ್ಟ್ರೇಲಿಯಾದ ಗೂಗು ಯಿಮಿಥಿರ್ ಭಾಷೆಯವರಂತೂ ಈ ಗೋಜಿಗೇ ಹೋಗಲಿಲ್ಲ. "ನಿನ್ನ ಪಡುವಣ ಕಾಲಿನ ಹತ್ತಿರ ಇರುವೆ ಇದೆ" ಅನ್ನುವ ಥರ ದಿಕ್ಕಿನಲ್ಲೇ ಮಾತಾಡುತ್ತಾರೆ.

ಈ ಎಲ್ಲ ಪರಿಹಾರಗಳಲ್ಲೂ ಇರುವುದು ಒಂದೇ ಮಾತು. ಯಾರ ಎಡ, ಯಾರ ಬಲ ಅಂತ ಮೊದಲು ಹೇಳಿಬಿಡುವುದು. ನದಿಗೆ, ಹಡಗಿಗೆ, ರೋಗಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದೇವೆ. ಮನುಷ್ಯರ ಗುಂಪಿಗೆ ಹೆಸರಿಡುವಾಗ ಮಾತ್ರ ಕುರ್ಚಿಯಲ್ಲಿ ಕೂತವನ ಕಣ್ಣಿಂದಲೇ ನೋಡುತ್ತೇವೆ, ಆಮೇಲೆ ಬಲ ಅಂದರೆ ಸರಿ, ಎಡ ಅಂದರೆ ಎಡವಟ್ಟು ಅಂತ ಅರ್ಥವನ್ನೂ ತುಂಬಿಬಿಡುತ್ತೇವೆ. ಮುಂದಿನ ಸಲ ಯಾರಾದರೂ ಯಾರನ್ನಾದರೂ ಲೆಫ್ಟು, ರೈಟು ಅಂದಾಗ, ಕುರ್ಚಿ ಎಲ್ಲಿದೆ, ಅದರಲ್ಲಿ ಕೂತಿರುವವರು ಯಾರು ಅಂತ ಒಮ್ಮೆ ಕೇಳಿ ನೋಡಿ.

ನಿಮ್ಮ ಊರುಗಳಲ್ಲಿ ಹಿರಿಯರ ಬಾಯಲ್ಲಿ ಎಡಗೈ-ಬಲಗೈ ಕಟ್ಟುಪಾಡುಗಳ ಕಥೆ, ಚಪ್ಪರದ ಕಂಬದ ಲೆಕ್ಕ ಇನ್ನೂ ಉಳಿದಿದೆಯಾ? ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ. ನನಗೂ ತಿಳಿಸಿ.